ನೇರಳೆ ಶಾಯಿಯ ಬೆರಳು

ಬಿ.ಕಾಂ. ಎರಡನೇ ವರ್ಷದಲ್ಲಿ ನಮಗೆ ಇಂಗ್ಲಿಷ್ ತರಗತಿ ಮಧ್ಯಾಹ್ನ ಎರಡಕ್ಕೆ. ಉಂಡು ಬಂದವರ ಕಣ್ಣು ಎಳೆಯುವ ಹೊತ್ತು. 2004ರ ಅಂಥದ್ದೊಂದು ಮಧ್ಯಾಹ್ನ ಮೇಷ್ಟ್ರು ಐರ್ಲೆಂಡಿನ ಕವಿ ಶೇಮಸ್ ಹೀನಿಯ ‘ಡಿಗ್ಗಿಂಗ್’ ಪದ್ಯ ಶುರು ಮಾಡಿದರು. ಪೆನ್ನು ಹಿಡಿದು ಕಿಟಕಿಯ ಬಳಿ ಕೂತ ಮಗ, ಕೆಳಗೆ ಹೂವಿನ ಪಾತಿಯಲ್ಲಿ ಅಗೆಯುತ್ತಿರುವ ಅಪ್ಪ, ಅದಕ್ಕೂ ಹಿಂದೆ ಜೌಗು ನೆಲದಲ್ಲಿ ಉರುವಲಿಗಾಗಿ ಮಣ್ಣಿನ ಹೆಂಟೆ ಕೊಯ್ಯುತ್ತಿದ್ದ ಅಜ್ಜ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: “ಸಾರ್, ಬೂಟುಗಾಲು ಇಟ್ಟು ಗುದ್ದಲೀಲಿ ಹೇಗೆ ಅಗೀತಾರೆ?” ಅವನು ಬೇಸಾಯದ ಮನೆಯವನು. ನಮ್ಮ ಗುದ್ದಲಿ ಎತ್ತಿ ಹಾಕಿ ಮೈಕಡೆಗೆ ಎಳೆದುಕೊಳ್ಳುವಂಥದ್ದು. ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದರು. ನೆಟ್ಟನೆಯ ಹಿಡಿ, ಅಲಗಿನ ಮೇಲಂಚಿನಲ್ಲಿ ಪಾದ ಊರಲು ಜಾಗ. “ಇದನ್ನ ಗುದ್ದಲಿ ಅನ್ನಬೇಡಿ. ಗುದ್ದಲಿ ಅಂದ ಕೂಡಲೇ ಆ ಅಪ್ಪ ನಿಮ್ಮಪ್ಪ ಆಗಿಬಿಡ್ತಾನೆ. ಅವನನ್ನ ಅವನ ಊರಲ್ಲೇ ಇರೋಕೆ ಬಿಡಿ,” ಎಂದರು.

ಮಾರನೆಯ ದಿನಕ್ಕೆ ಕೆಲಸ ಕೊಟ್ಟರು: ನಿಮ್ಮ ಮನೆಯಲ್ಲಿ ದುಡಿಯುವವರ ಕೈಯಲ್ಲಿ ಏನಿರುತ್ತೆ, ಒಂದು ಪುಟ ಬರೆದು ತನ್ನಿ. ನೇಗಿಲು ಬಂತು, ತಕ್ಕಡಿ ಬಂತು, ಹೊಲಿಗೆ ಯಂತ್ರ, ಬಸ್ಸಿನ ಸ್ಟೀರಿಂಗ್ ಬಂದವು. ನನ್ನ ಹಾಳೆ ಖಾಲಿ. ಅಪ್ಪ ಉಪನೋಂದಣಿ ಕಚೇರಿಯಲ್ಲಿ ಗುಮಾಸ್ತ. “ಆಫೀಸಿಗೆ ಹೋಗ್ತಾರೆ ಸಾರ್, ಬರೆಯೋಕೆ ಏನೂ ಇಲ್ಲ” ಎಂದೆ. ಮೇಷ್ಟ್ರು ಗದರಲಿಲ್ಲ. “ಆಫೀಸಿನ ಕೆಲಸದ ಮೇಲೂ ಯಾರೋ ಪದ್ಯ ಬರೆದಿರ್ತಾರೆ. ಸಿಕ್ಕಿದ ದಿನ ನನಗೆ ಹೇಳು” ಎಂದರು.

ಅವತ್ತು ಸಂಜೆ ಬಚ್ಚಲಿನಲ್ಲಿ ಅಪ್ಪ ಕೈ ತೊಳೆಯುವುದನ್ನು ನೋಡುತ್ತಾ ನಿಂತೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೆಲಸ ಅವರದು. ಪಕ್ಷಗಾರರ ಬೆರಳು ಹಿಡಿದು ಹಿಡಿದು ಅವರ ಬೆರಳಿಗೂ ನೇರಳೆ ಶಾಯಿ. ಕೊಬ್ಬರಿಎಣ್ಣೆ ಹಚ್ಚಿ, ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಗೆರೆಯಷ್ಟು ಉಳಿದೇ ಇರುತ್ತಿತ್ತು.

ಹನ್ನೊಂದು ವರ್ಷದ ಮೇಲೆ, 2015ರಲ್ಲಿ, ಲೆಕ್ಕಪತ್ರದ ಕೆಲಸ ನನ್ನನ್ನು ಡಬ್ಲಿನ್ನಿಗೆ ಕರೆದೊಯ್ದಿತು. ಪಿಯರ್ಸ್ ಬೀದಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಹೀನಿಯ ಪುಸ್ತಕಗಳನ್ನು ಹುಡುಕುತ್ತಿದ್ದಾಗ ‘ಸ್ಟೆಪ್ಪಿಂಗ್ ಸ್ಟೋನ್ಸ್’ ಕೈಗೆ ಬಂತು. 2008ರಲ್ಲಿ ಬಂದ ದಪ್ಪ ಪುಸ್ತಕ, ಹೀನಿಯವರೊಂದಿಗಿನ ಸಂದರ್ಶನ. ಪ್ರಶ್ನೆ ಕೇಳಿದವರು ಡೆನಿಸ್ ಓಡ್ರಿಸ್ಕಲ್. ಇವರು ಯಾರು ಎಂದು ಹುಡುಕಿದೆ. ಟಿಪ್ಪರರಿ ಕೌಂಟಿಯ ಥರ್ಲ್ಸ್‌ನಲ್ಲಿ 1954ರಲ್ಲಿ ಹುಟ್ಟಿದವರು. ಹದಿನಾರನೇ ವಯಸ್ಸಿಗೆ ಐರ್ಲೆಂಡಿನ ಕಂದಾಯ ಇಲಾಖೆಗೆ ಸೇರಿ, ಮೂವತ್ತು ವರ್ಷಕ್ಕೂ ಹೆಚ್ಚು ಅಲ್ಲೇ ದುಡಿದವರು. ನೋಡಿಕೊಂಡದ್ದು ಸತ್ತವರ ಆಸ್ತಿಯ ಮೇಲಿನ ತೆರಿಗೆ, ಸುಂಕ ಮತ್ತು ಮುದ್ರಾಂಕ ಶುಲ್ಕ.

ಮುದ್ರಾಂಕ ಶುಲ್ಕ! ಆ ಎರಡು ಪದ ಓದಿ ಕಪಾಟಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿನಲ್ಲಿ ಕೇಳಿಬರುತ್ತಿದ್ದ ಮಾತದು.

ತನ್ನನ್ನು ಕವಿ ಎನ್ನುವುದಕ್ಕಿಂತ ಸರ್ಕಾರಿ ನೌಕರ ಎನ್ನುವುದೇ ಓಡ್ರಿಸ್ಕಲ್ ಅವರಿಗೆ ಹಿತವಾಗಿತ್ತು. 1994ರ ‘ದಿ ಬಾಟಮ್ ಲೈನ್’ ಎಂಬ ದೀರ್ಘ ಪದ್ಯದಲ್ಲಿ ಮೀಟಿಂಗು, ಬಡ್ತಿ, ಪಿಂಚಣಿ, ದಿನದ ಓಡಾಟದ ಆಯಾಸ ಎಲ್ಲವೂ ಕಂಪನಿ ಅಧಿಕಾರಿಗಳ ಬಾಯಲ್ಲೇ ಬರುತ್ತವೆ. ನಾನು ದಿನವೂ ಇಮೇಲಿನಲ್ಲಿ ಬರೆಯುವ ಸವಕಲು ಮಾತುಗಳು ಅಲ್ಲಿದ್ದವು. ಆ ಮಾತುಗಳ ಒಳಗೆ ಅವಿತು ಕೂತ ಹೆದರಿಕೆಯೂ ಇತ್ತು. ನಾನು ಅದನ್ನು ಓದಿದ ವರ್ಷವೇ ನಮ್ಮ ವಿಭಾಗದಲ್ಲಿ ಕೆಲವರ ಕೆಲಸ ಹೋಗಿತ್ತು. ಅವರಿಗೆ ಬಂದ ಪತ್ರದ ಭಾಷೆ ಎಷ್ಟು ನಯವಾಗಿತ್ತೆಂದರೆ ಓದುವಾಗ ಮೈ ತಣ್ಣಗಾಗುತ್ತಿತ್ತು. ಗಾಲ್ವೇಯ ರೀಟಾ ಆ್ಯನ್ ಹಿಗಿನ್ಸ್ ಅವರ ಪದ್ಯಗಳನ್ನು ಓದಿದ್ದೂ ಆಗಲೇ. ಬಾಡಿಗೆಗೆ ದುಡ್ಡು ಸಾಲದಿರುವುದು ಏನೆಂದು ಕೆಲವರಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ ಎಂದು ಅವರು ಎಲ್ಲ ಮುಚ್ಚುಮರೆ ಬಿಟ್ಟು ಹೇಳುತ್ತಾರೆ. ಕೆಲಸವೇ ಇಲ್ಲದವರ ದಿನಚರಿಯೂ ದುಡಿಮೆಯೇ ಎಂಬುದು ನನಗೆ ತಿಳಿದದ್ದು ಅವರಿಂದ.

ನನ್ನ ಜೊತೆ ಉಳಿದದ್ದು ಮಾತ್ರ ಓಡ್ರಿಸ್ಕಲ್ ಅವರ ಹಳೆಯ ಪದ್ಯ, 1982ರ ‘ಕಿಸ್ಟ್’ ಸಂಕಲನದ ‘ಸಮ್‌ವನ್’. ಇವತ್ತು ಸಾಯಲಿರುವ, ಅದು ಗೊತ್ತೇ ಇಲ್ಲದ ಯಾರೋ ಒಬ್ಬರು ಉಡುಪು ತೊಡುತ್ತಿದ್ದಾರೆ. ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಕೊನೆಯ ತಿಂಡಿ ತಿನ್ನುತ್ತಿದ್ದಾರೆ. ಬಾರದ ನಾಳೆಗಾಗಿ ಹಾಲಿನ ಬಾಟಲಿಗಳನ್ನು ಬಾಗಿಲ ಹೊರಗೆ ಇಡುತ್ತಿದ್ದಾರೆ. ಸತ್ತವರ ಕಡತಗಳ ನಡುವೆ ಹಗಲು ಕಳೆದ ಗುಮಾಸ್ತನಿಗಲ್ಲದೆ ಇನ್ನಾರಿಗೆ ಇದು ಹೀಗೆ ಕಂಡೀತು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಡಬ್ಲಿನ್ ಕ್ಯಾಸಲ್ ನೋಡಲು ಜನ ಬರುತ್ತಾರೆ. ಕಂದಾಯ ಇಲಾಖೆಯ ಕಚೇರಿಯೂ ಅದೇ ಆವರಣದಲ್ಲಿದೆ. ನಾನು ಹೋದಾಗ ಕೋಟೆ ಬಿಟ್ಟು ಕಚೇರಿಯ ಕಿಟಕಿಗಳನ್ನೇ ನೋಡುತ್ತಿದ್ದೆ. 2012ರ ಡಿಸೆಂಬರ್ 24ರಂದು ಅವರು ತೀರಿಕೊಂಡಿದ್ದರು. ಎರಡೂವರೆ ವರ್ಷ ತಡವಾಗಿ ಬಂದೆ.

ಪದ್ಯವನ್ನು ಕನ್ನಡಕ್ಕೆ ಮಾಡಿ ಒಂದು ಭಾನುವಾರ ಫೋನಿನಲ್ಲಿ ಅಪ್ಪನಿಗೆ ಓದಿದೆ. ನಿವೃತ್ತರಾಗಿ ಆರು ವರ್ಷವಾಗಿತ್ತು. ತುಸು ಹೊತ್ತು ಸುಮ್ಮನಿದ್ದು ಹೇಳಿದರು: “ಒಬ್ಬರು ಮಗಳಿಗೆ ದಾನಪತ್ರ ಮಾಡಿಕೊಡೋಕೆ ಬಂದಿದ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಬ್ಬೆಟ್ಟು ಒತ್ತಿಸಿದ್ದು ನಾನೇ, ಒರೆಸಿಕೊಳ್ಳೋಕೆ ಬಟ್ಟೆ ಕೊಟ್ಟೆ. ಮುಂದಿನ ವಾರ ಪತ್ರ ಇಸಕೊಂಡು ಹೋಗೋಕೆ ಮಗಳೊಬ್ಬಳೇ ಬಂದಳು.” ಅಷ್ಟು ವರ್ಷದಲ್ಲಿ ಅಪ್ಪ ಆಫೀಸಿನ ಮಾತನ್ನು ನನ್ನೊಡನೆ ಆಡಿದ್ದು ಅದೇ ಮೊದಲು. ಆಮೇಲೆ ಪ್ರತಿ ಭಾನುವಾರ ಒಂದೊಂದು ಹೇಳುತ್ತಾ ಬಂದರು. ಬರೆದಿಟ್ಟುಕೊಂಡಿದ್ದೇನೆ.

ಅದೇ ಅನುವಾದವನ್ನು ಮೇಷ್ಟ್ರಿಗೂ ಅಂಚೆಯಲ್ಲಿ ಕಳಿಸಿದೆ. ನಮ್ಮವರಿಗೆ ಹತ್ತಿರವಾಗಲಿ ಎಂದು, ಬಾಟಲಿಯ ಬದಲು ಗೇಟಿಗೆ ಹಾಲಿನ ಚೀಲ ತೂಗುಹಾಕಿಸಿದ್ದೆ. ಮೂರು ವಾರಕ್ಕೆ ಹಾಳೆ ವಾಪಸು ಬಂತು. ಚೀಲದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ಅದೇ ಗುಂಡು ಅಕ್ಷರ: “ಬಾಟಲಿ ಅಂತಲೇ ಇರಲಿ. ಅಪ್ಪನ ಪುಟ ಇನ್ನೂ ಬಂದಿಲ್ಲ.”