ಅಮ್ಮ ಸಿಂಕ್ಲೆಟಿಕಾ ಮತ್ತು ಒಲೆಯ ಹೊಗೆ

ಜನವರಿ 5ಕ್ಕೆ ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಕಟ್ಟಿದ ಗೋದಲಿ ಇನ್ನೂ ಹಾಗೇ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಮೇಣದ ಬತ್ತಿ ಹಚ್ಚಿ ಸಂತ ಸಿಂಕ್ಲೆಟಿಕಾರನ್ನು ನೆನೆಯುತ್ತೇನೆ. ಅಂದು ಅವರ ಹಬ್ಬ. ಈಜಿಪ್ಟಿನ ಹಳೆಯ ತಪಸ್ವಿಗಳಲ್ಲಿ ಗಂಡಸರನ್ನು 'ಅಬ್ಬಾ' ಎಂದೂ ಹೆಂಗಸರನ್ನು 'ಅಮ್ಮಾ' ಎಂದೂ ಕರೆಯುತ್ತಿದ್ದರು. ಅದು ನಮ್ಮ ಕನ್ನಡದ ಅಮ್ಮ ಅಲ್ಲ, ಗೊತ್ತು. ಆದರೂ ಕಿವಿಗೆ ಬಿದ್ದ ಕೂಡಲೇ ಎಷ್ಟು ಹತ್ತಿರದವರು ಅನಿಸುತ್ತದೆ, ಅಲ್ವಾ?

ಇವರು 4ನೇ ಶತಮಾನದವರು. ಅಲೆಕ್ಸಾಂಡ್ರಿಯಾದ ಅನುಕೂಲಸ್ಥರ ಮನೆಯ ಮಗಳು. ಒಬ್ಬ ಸೋದರ ಮಗುವಾಗಿದ್ದಾಗಲೇ ತೀರಿಕೊಂಡ. ಇನ್ನೊಬ್ಬನಿಗೆ ಮದುವೆ ಗೊತ್ತಾಗಿತ್ತು, ಅವನೂ ಹೋದ. ಕಣ್ಣು ಕಾಣದ ಒಬ್ಬ ಸೋದರಿ ಉಳಿದಳು. ತಂದೆತಾಯಿ ಕಾಲವಾದ ಮೇಲೆ ಸಿಂಕ್ಲೆಟಿಕಾ ಆಸ್ತಿಯನ್ನೆಲ್ಲ ಮಾರಿ ಬಡವರಿಗೆ ಕೊಟ್ಟರು. ತಲೆಗೂದಲು ಕತ್ತರಿಸಿಕೊಂಡರು. ಊರಾಚೆಗಿದ್ದ ಬಂಧುವೊಬ್ಬರ ಸಮಾಧಿ ಕಟ್ಟಡದಲ್ಲಿ ನೆಲೆಸಿದರು. ಎಲ್ಲವನ್ನೂ ಬಿಟ್ಟು ಹೊರಟವರು ಸೋದರಿಯನ್ನು ಮಾತ್ರ ಬಿಡಲಿಲ್ಲ, ಜೊತೆಗೇ ಕರೆದುಕೊಂಡು ಹೋದರು. ಅವರ ಬದುಕಿನಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದು.

ಸುದ್ದಿ ಹರಡಿ ಹೆಂಗಸರು ಹುಡುಕಿಕೊಂಡು ಬಂದರು. ಇವರಿಗೋ ಮಾತಾಡುವುದೇ ಸಂಕೋಚ. ಆದರೆ ಬಾಯಿ ಬಿಟ್ಟರೆ ಬರುತ್ತಿದ್ದದ್ದು ಅಡುಗೆಮನೆ, ಹಕ್ಕಿಗೂಡು, ಹಡಗಿನ ಮೊಳೆಯ ಮಾತು. ಮೊಟ್ಟೆ ಬಿಟ್ಟು ಹಾರಿಹೋದ ಹಕ್ಕಿಗೆ ಮರಿ ಆಗುವುದಿಲ್ಲ, ಹಾಗೆಯೇ ಜಾಗ ಬದಲಿಸುತ್ತಾ ಹೋಗಬೇಡಿ ಅಂದರು. ಬೆಂಕಿ ಹಚ್ಚುವವರಿಗೆ ಮೊದಲು ಸಿಗುವುದು ಹೊಗೆ, ಕಣ್ಣೀರು. ಆಮೇಲೆ ಬೆಂಕಿ. ದೇವರ ದಾರಿಯೂ ಹಾಗೇ ಅಂದರು.

ಈ ಮಾತು ಓದಿದಾಗ ನನಗೆ ಅಜ್ಜಿಯ ಮನೆಯ ಮಳೆಗಾಲ ಕಣ್ಣಿಗೆ ಕಟ್ಟಿತು. ಹಸಿ ಸೌದೆ, ಊದುಗೊಳವೆ, ಸೆರಗಿನಲ್ಲಿ ಮತ್ತೆ ಮತ್ತೆ ಕಣ್ಣೊರೆಸಿಕೊಳ್ಳುವ ಅಜ್ಜಿ. ಹೊಗೆ ಬಂತು ಅಂತ ಅವರು ಒಂದು ದಿನವೂ ಒಲೆ ಬಿಟ್ಟು ಎದ್ದವರಲ್ಲ. ನಾನು ಎಷ್ಟು ಸಲ ಜಪಮಾಲೆ ಹಿಡಿದು, ಮನಸ್ಸು ನಿಲ್ಲುತ್ತಿಲ್ಲ ಎಂದು ಎದ್ದುಬಿಟ್ಟಿದ್ದೇನೆ! ಆಗೆಲ್ಲ ನನ್ನ ಕಣ್ಣಲ್ಲೂ ಇದ್ದದ್ದು ಬರೀ ಹೊಗೆ.

ನಮ್ಮ ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಎರಡು ವರ್ಷವಾಯಿತು. ಪೂಜೆಗೆ ಹೋಗಲಾಗುವುದಿಲ್ಲ, ಮೊಣಕಾಲೂರಲಾಗುವುದಿಲ್ಲ. "ಹೀಗೆ ಮಲಗಿಕೊಂಡು ಮಾಡೋದು ಪ್ರಾರ್ಥನೆನಾ?" ಎಂದು ಅಳುತ್ತಾರೆ. ಸಿಂಕ್ಲೆಟಿಕಾ ಇದಕ್ಕೂ ಉತ್ತರ ಕೊಟ್ಟಿದ್ದಾರೆ. ಕಾಯಿಲೆಯಿಂದ ನಿಂತು ಪ್ರಾರ್ಥಿಸಲಾಗದಿದ್ದರೆ, ಹಾಡಲಾಗದಿದ್ದರೆ ದುಃಖಪಡಬೇಡಿ, ಅದನ್ನು ಸಹಿಸುವುದೇ ದೊಡ್ಡ ತಪಸ್ಸು ಎನ್ನುತ್ತಾರೆ.

ಸುಮ್ನೆ ಹೇಳಿದ ಮಾತಲ್ಲ ಅದು. ಎಂಬತ್ತರ ಮೇಲೆ ಅವರೂ ಹಾಸಿಗೆ ಹಿಡಿದರು. ಮೂರೂವರೆ ವರ್ಷದ ನೋವು. ಕೊನೆಗೆ ಹಲ್ಲಿನಿಂದ ಶುರುವಾದ ಕೊಳೆತ ದವಡೆಗೆ ಹರಡಿ ಮಾತೇ ನಿಂತುಹೋಯಿತು. ವಾಸನೆಗೆ ಹತ್ತಿರ ಕೂರುವುದೇ ಕಷ್ಟವಾಗಿತ್ತು. ವೈದ್ಯರು ಬಂದರೆ ಬೇಡವೆಂದರು. ಕಾಯಿಲೆ ವಾಸಿ ಮಾಡಲು ಅಲ್ಲ, ಸುತ್ತ ಇರುವವರಿಗೆ ತೊಂದರೆಯಾಗದಿರಲಿ ಎಂದು ಹೆಣಕ್ಕೆ ಹಚ್ಚುವಂಥ ಸುಗಂಧ ಲೇಪ ಹಚ್ಚುತ್ತೇವೆ ಎಂದಾಗ ಒಪ್ಪಿಕೊಂಡರು. ಸೇವೆ ಮಾಡುತ್ತಿದ್ದವರ ಮೇಲಿನ ಕನಿಕರಕ್ಕೆ.

ಈ ಜನವರಿ 5ರ ರಾತ್ರಿ ಅಮ್ಮನಿಗೆ ಈ ಭಾಗವನ್ನು ಓದಿ ಹೇಳಿದೆ. ಬಿಸಿ ಎಣ್ಣೆಯ ಬಟ್ಟಲು ಪಕ್ಕದಲ್ಲೇ ಇತ್ತು. ದಿನಾ "ಬೇಡ ಬಿಡೇ, ನಿನಗ್ಯಾಕೆ ಕಷ್ಟ" ಎನ್ನುತ್ತಿದ್ದವರು ಸ್ವಲ್ಪ ಹೊತ್ತು ಬತ್ತಿಯನ್ನೇ ನೋಡಿದರು. ಆಮೇಲೆ ಏನೂ ಹೇಳದೆ, ಸೀರೆ ಸ್ವಲ್ಪ ಮೇಲಕ್ಕೆಳೆದು ಕಾಲು ನನ್ನ ಕಡೆ ಚಾಚಿದರು.