ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ಕೇಳುವ ಎಲ್ಲರಿಗೂ

ಮೊದಲು ಉತ್ತರ ಹೇಳಿಬಿಡುತ್ತೇನೆ. ಮನೆಯಲ್ಲಿ ಹಾಡು ರೆಕಾರ್ಡ್ ಮಾಡಲು ಯಾವ ಕಂಪ್ಯೂಟರ್ ಒಳ್ಳೆಯದು? ನಿಮ್ಮ ಹತ್ತಿರ ಈಗಾಗಲೇ ಇರುವುದು. ಇಲ್ಲವೇ ಇಲ್ಲ ಅಂದರೆ ಯಾವುದೋ ಆಫೀಸಿನವರು ನಾಲ್ಕೈದು ವರ್ಷ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್ ಇರಲಿ, ಎಸ್‌ಎಸ್‌ಡಿ ಇರಲಿ. ಮುಗಿಯಿತು. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನನಗೆ ಗೊತ್ತು, ನೀವು ನಿಲ್ಲಿಸಲ್ಲ, ರಾತ್ರಿ ಹತ್ತೂವರೆಗೆ ಫೋನ್ ಮಾಡಿ "ಅಲ್ಲಾ, ಐ7 ಪ್ರೊಸೆಸರ್ ಇರೋದು ತಗೊಂಡ್ರೆ ವಾಯ್ಸ್ ಇನ್ನೂ ಕ್ಲಿಯರಾಗಿ ಬರುತ್ತಾ?" ಅಂತ ಕೇಳುತ್ತೀರಿ.

ಬರಲ್ಲ.

ನಾನು ಸೌಂಡ್ ಇಂಜಿನಿಯರ್ ಅಲ್ಲ. ಮೈಸೂರಿನಲ್ಲಿ ಮಹಡಿ ರೂಮಿನಲ್ಲಿ ಕೂತು ಭಾವಗೀತೆ, ದೇವರನಾಮ ಹಾಡಿ ರೆಕಾರ್ಡ್ ಮಾಡಿಕೊಳ್ಳುವವನು, ಅಷ್ಟೇ. ಯಾವ ಅಂಗಡಿಯವರೂ ನನಗೆ ಕಮಿಷನ್ ಕೊಡಲ್ಲ. ಆದರೂ ಮದುವೆ, ಮುಂಜಿ, ನಾಮಕರಣ ಎಲ್ಲಿ ಸಿಕ್ಕರೂ ಜನ ಇದನ್ನೇ ಕೇಳುತ್ತಾರೆ. ಕೇಳಲಿ, ಬೇಜಾರಿಲ್ಲ. ಕೇಳುವ ರೀತಿಗೆ ಮೈ ಉರಿಯುತ್ತದೆ. "ಪ್ರೊಫೆಷನಲ್ ಏನೂ ಬೇಡ, ಸುಮ್ನೆ ಮನೇಲಿ ಹಾಡೋಕೆ. ಜಾಸ್ತಿ ಖರ್ಚು ಬೇಡ. ಆದ್ರೆ ಕ್ವಾಲಿಟಿ ಮಾತ್ರ ಸ್ಟುಡಿಯೋ ಥರಾನೇ ಇರ್ಬೇಕು." ಅಂದರೆ ಬೇಳೆ ಬೇಡ, ಹುಣಸೆಹಣ್ಣು ಬೇಡ, ಸಾರು ಮಾತ್ರ ಮದುವೆಮನೆ ಸಾರಿನ ಥರ ಇರಬೇಕು.

ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 19,000 ರೂಪಾಯಿಗೆ ತಂದ ಹಳೇ ಥಿಂಕ್‌ಪ್ಯಾಡ್ ಟಿ480. ಮುಚ್ಚಳದ ಮೇಲೆ ಯಾವುದೋ ಕಂಪನಿಯ ಸ್ಟಿಕರ್ ಕಿತ್ತ ಗುರುತು ಇನ್ನೂ ಇದೆ. ಅಂಗಡಿಗೆ ಹೋದಾಗ ಇಂಟೆಲ್ ಪ್ರೊಸೆಸರ್ ಆದರೆ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದೇ ಕೇಳಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 8ನೇ ಜನರೇಷನ್ನಿಗಿಂತ ಹಳೆಯ ಇಂಟೆಲ್‌ಗೆ ವಿಂಡೋಸ್ 11 ಅಧಿಕೃತವಾಗಿ ಬಹುತೇಕ ಬರಲ್ಲ. ಒಂದೇ ದನಿಯನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ಕಂಪ್ಯೂಟರಿಗೆ ಅದೊಂದು ಕೆಲಸವೇ ಅಲ್ಲ. ಇಪ್ಪತ್ತು ಮೂವತ್ತು ಟ್ರ್ಯಾಕ್ ಇಟ್ಟು, ಕಂಪ್ಯೂಟರಿನಲ್ಲೇ ಪಿಟೀಲು ವಾದ್ಯವೃಂದ ಸೇರಿಸುವವರಿಗೆ 16 ಜಿಬಿ ಬೇಕು. ನೀವು ಶ್ರುತಿ ಹಾಕಿಕೊಂಡು ಹಾಡುವವರು. ಉಳಿದ ದುಡ್ಡನ್ನು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್‌ಗೆ, ವೈರ್ ಇರುವ ಹೆಡ್‌ಫೋನಿಗೆ ಹಾಕಿ. ಸಾಫ್ಟ್‌ವೇರ್ ಯಾವುದು ಅಂತಲೂ ಕೇಳುತ್ತೀರಿ. ಆಡಾಸಿಟಿ ಪುಕ್ಕಟೆ. ರೀಪರ್ 60 ದಿನ ಪುಕ್ಕಟೆ, ಆಮೇಲೆ 60 ಡಾಲರ್. ಎರಡರಲ್ಲಿ ಯಾವುದಾದರೂ ಆಗುತ್ತದೆ.

ಈಗ ಭಾವನ ಕಥೆ. ದಾವಣಗೆರೆಯಲ್ಲಿ ಅಕ್ಕನ ಮನೆ ಗೃಹಪ್ರವೇಶ. ಹೊರಡುವ ಮೊದಲೇ ಭಾವನ ಫೋನು. "ಬರೋವಾಗ ನಿನ್ನ ಮೈಕು, ಆ ಡಬ್ಬ ಎರಡೂ ತಗೊಂಡು ಬಾ, ಯಾವ ಲ್ಯಾಪ್‌ಟಾಪ್ ತಗೋಬೇಕು ಅಂತ ನೀನೇ ಹೇಳ್ಬೇಕು." ಡಬ್ಬ ಅಂದರೆ ಇಂಟರ್‌ಫೇಸ್. ಹೋಗಿ ನೋಡಿದರೆ ಲ್ಯಾಪ್‌ಟಾಪ್ ಆಗಲೇ ಬಂದು ಕೂತಿದೆ. 1,10,000 ರೂಪಾಯಿಯ ಗೇಮಿಂಗ್ ಲ್ಯಾಪ್‌ಟಾಪ್, ಕೀಲಿಮಣೆಯಲ್ಲಿ ದಸರಾ ದೀಪ. ಈ ಪ್ರಶ್ನೆ ಕೇಳುವವರಲ್ಲಿ ಅರ್ಧ ಜನ ಹೀಗೇ. ಅವರಿಗೆ ಬೇಕಾದ್ದು ಸಲಹೆ ಅಲ್ಲ, ಆಶೀರ್ವಾದ.

ಊಟ ಆದಮೇಲೆ ಹಾಲಿನಲ್ಲೇ ಕೂತೆವು. ಹೊಸ ಮನೆ. ಪರದೆ ಇಲ್ಲ, ಸೋಫಾ ಇಲ್ಲ, ಕೆಳಗೆಲ್ಲ ಫಳಫಳ ಟೈಲ್ಸ್. ಭಾವ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಒಂದು ಹಳೇ ಚಿತ್ರಗೀತೆ ಶುರು ಮಾಡಿದರು, ಎರಡನೇ ಸಾಲಿಗೇ ತಾಳ ತಪ್ಪಿತು. ತಪ್ಪು ಅವರದಲ್ಲ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು ಒಂದಡಿ ಹೋಗುತ್ತದೆ. ಸಾಫ್ಟ್‌ವೇರಿನಲ್ಲಿ ಬಫರ್, ಅಂದರೆ ದನಿಯನ್ನು ಒಂದಿಷ್ಟಿಷ್ಟೇ ಕೂಡಿಟ್ಟು ಮುಂದೆ ಕಳಿಸುವ ಅಳತೆ, 128 ಸ್ಯಾಂಪಲ್ ಇಟ್ಟರೆ ಒಂದು ಬಫರಿನಿಂದ ಆಗುವ ತಡ ಮೂರು ಮಿಲಿಸೆಕೆಂಡಿಗಿಂತ ಕಡಿಮೆ, ಮೂರಡಿ ದೂರದಿಂದ ಕೇಳಿದ ಹಾಗೆ. 1024 ಇಟ್ಟರೆ 21, ಅಂದರೆ ಹಾಲಿನ ಆ ತುದಿ. ಬ್ಲೂಟೂತಿನಲ್ಲಿ ಅದು ನೂರು, ಇನ್ನೂರಕ್ಕೆ ಹೋಗುತ್ತದೆ. ನಿಮ್ಮ ದನಿ ನಿಮಗೇ ಪಕ್ಕದ ಬೀದಿಯಿಂದ ಕೇಳಿಸುತ್ತಿದ್ದರೆ ತಾಳ ಹೇಗೆ ನಿಲ್ಲುತ್ತದೆ ಹೇಳಿ.

ನನ್ನ ವೈರಿನ ಹೆಡ್‌ಫೋನ್ ಕೊಟ್ಟೆ. ಹಾಡಿದರು. ಕೇಳಿದೆವು. ದನಿಯ ಹಿಂದೆ ಲ್ಯಾಪ್‌ಟಾಪಿನ ಫ್ಯಾನು ಭರ್ರೋ ಅನ್ನುತ್ತಿದೆ, ಅದರ ಮೇಲೆ ನಾಲ್ಕು ಗೋಡೆಯೂ ಒಂದೊಂದು ಸಲ ಹಾಡನ್ನು ವಾಪಸ್ ಹೇಳುತ್ತಿವೆ. ಬಾವಿಯೊಳಗೆ ಕೂತು ಹಾಡಿದ ಹಾಗಿತ್ತು. ಆಗ ನೆನಪಾಯಿತು, ನೆಂಟರು ಮಲಗಲಿ ಅಂತ ಶಾಮಿಯಾನದವರಿಂದ ಬಾಡಿಗೆಗೆ ತಂದ ಹಾಸಿಗೆ, ದಿಂಬು, ಜಮಖಾನ ಎಲ್ಲ ಹಿಂದಿನ ಕೋಣೆಯಲ್ಲಿ ಒಟ್ಟಿದ್ದರು. ಭಾವನನ್ನು ಆ ರಾಶಿಯ ಮಧ್ಯೆ ಕೂರಿಸಿದೆ. ನನ್ನ ಹಳೇ ಲ್ಯಾಪ್‌ಟಾಪನ್ನು ಉದ್ದದ ವೈರ್ ಎಳೆದು ಬಾಗಿಲಾಚೆ ಇಟ್ಟೆ. ಮೈಕನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿದೆ. ಅದೇ ಹಾಡು, ಅದೇ ಮೈಕು. ಈ ಸಲ ಶುದ್ಧವಾಗಿ ಬಂತು, ಉಸಿರು ತಗೊಂಡಿದ್ದೂ ಕೇಳುವಷ್ಟು.

ಭಾವ ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದು ನನ್ನ ವಾಯ್ಸ್ ಅಲ್ಲ ಕಣೋ. ನಿನ್ನ ಲ್ಯಾಪ್‌ಟಾಪ್ ಹಳೇದಾಯ್ತು."

ನೋಡಿ, ಅವರು ಕೇಳಬೇಕಿದ್ದ ಪ್ರಶ್ನೆ ಇಲ್ಲಿತ್ತು. ನನ್ನ ದನಿ ನನಗೇ ಯಾಕೆ ಹೀಗೆ ಕೇಳುತ್ತದೆ? ಇದನ್ನು ಯಾರೂ ಕೇಳಲ್ಲ. ನಾವು ಹಾಡುವಾಗ ನಮ್ಮ ದನಿ ಗಾಳಿಯಲ್ಲಿ ಮಾತ್ರ ಅಲ್ಲ, ತಲೆಯ ಮೂಳೆಯ ಮೂಲಕವೂ ಕಿವಿಗೆ ಹೋಗುತ್ತದೆ. ಅದಕ್ಕೇ ಒಳಗಿನಿಂದ ಅದು ತುಂಬಿದ ದನಿ. ಮೈಕಿಗೆ ಮೂಳೆ ಇಲ್ಲ. ಊರಿನವರೆಲ್ಲ ಇಷ್ಟು ವರ್ಷ ಕೇಳಿಕೊಂಡು ಬಂದ ತೆಳ್ಳನೆಯ ದನಿಯನ್ನೇ ಅದು ಹಿಡಿಯುತ್ತದೆ, ಪಂಚಮಕ್ಕೆ ಹೋಗುವಾಗ ಒಂಚೂರು ಕೆಳಗೇ ನಿಂತಿದ್ದನ್ನೂ ಸೇರಿಸಿ. ಅದನ್ನು ಕೇಳಿ ಹೊಟ್ಟೆ ತೊಳಸಿದಾಗ ಬೈಯಲು ಹತ್ತಿರದಲ್ಲಿ ಸಿಗುವುದು ಕಂಪ್ಯೂಟರ್ ಒಂದೇ.

ಭಾವನನ್ನು ಆಡಿಕೊಳ್ಳುವ ಹಕ್ಕು ನನಗೂ ಇಲ್ಲ ಬಿಡಿ. ನಾನು ಎರಡು ಮೈಕು ಬದಲಿಸಿದವನು. ರೆಕಾರ್ಡಿಂಗಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಬಸ್ಸಿನಲ್ಲಿ ಎಸ್.ಪಿ. ರಸ್ತೆಗೆ ಎರಡು ಸಲ ಹೋಗಿ ಜಗಳ ಆಡಿ ಬಂದವನು. ಕೊನೆಗೆ ನೋಡಿದರೆ ನಮ್ಮ ಮನೆಯ ಅರ್ಥಿಂಗ್ ಸರಿ ಇರಲಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದ ತಕ್ಷಣ ಗುಂಯ್ ನಿಂತಿತು. ನಿಂತ ಮೇಲೆ ಗಮಕದಲ್ಲಿ ನಾನು ಎಲ್ಲೆಲ್ಲಿ ಜಾರುತ್ತೇನೆ ಅನ್ನುವುದು ಇನ್ನೂ ಚೆನ್ನಾಗಿ ಕೇಳಿಸಿತು. ಆ ದಿನ ಚಾರ್ಜರನ್ನು ವಾಪಸ್ ಸಿಕ್ಕಿಸೋಣ ಅನ್ನಿಸಿದ್ದು ನಿಜ. ಈಗ ಹಾಡಿದ್ದನ್ನು ಅವತ್ತೇ ಕೇಳಲ್ಲ. ಎರಡು ದಿನ ಬಿಟ್ಟು, ಬೇರೆ ಯಾರೋ ಹಾಡಿದ್ದು ಅಂದುಕೊಂಡು ಕೇಳುತ್ತೇನೆ, ತಪ್ಪಿದ ಸಾಲನ್ನು ತಂಬೂರಿ ಜೊತೆ ಹತ್ತು ಸಲ ಹಾಡಿ ಆಮೇಲೆ ಮತ್ತೆ ರೆಕಾರ್ಡ್ ಬಟನ್ ಒತ್ತುತ್ತೇನೆ.

ಭಾವನಿಗೂ ಇದನ್ನೇ ಹೇಳಿ ಬಂದಿದ್ದೆ. ಕಳೆದ ವಾರ ಅಕ್ಕನ ಫೋನು. ಗೇಮಿಂಗ್ ಲ್ಯಾಪ್‌ಟಾಪ್ ಮಗನ ಪಾಲಾಗಿದೆಯಂತೆ, ಆಡುತ್ತಿದ್ದಾನೆ. ಭಾವ ಹಳೇ ಆಫೀಸ್ ಲ್ಯಾಪ್‌ಟಾಪ್ ಒಂದನ್ನು ಹುಡುಕಿ ತಂದಿದ್ದಾರೆ. ನನಗೆ ಖುಷಿಯಾಯಿತು. ಅಕ್ಕನಿಗೆ ಆಗಿರಲಿಲ್ಲ.

"ಮನೇಲಿರೋ ಹಾಸಿಗೆ ಎಲ್ಲಾ ಹಿಂದಿನ ರೂಮಿಗೆ ಹಾಕ್ಕೊಂಡು ಕೂತಿದಾರೆ ನಿಮ್ಮ ಭಾವ. ನೀನೇ ಹೇಳಿಕೊಟ್ಟಿದ್ದಂತೆ. ನಾವೆಲ್ಲಿ ಮಲಗೋದು, ಅದನ್ನೂ ಹೇಳು."