ಡೇರೆ ಲೇಬಲ್ ತೊಳೆಯುವ ಬೇಸಿಗೆ

ಡೇರೆ ಗಿಡಕ್ಕೆ, ಅಂದರೆ ಡಾಲಿಯಾಕ್ಕೆ, ಲೇಬಲ್ ಬೇಕಾಗುವುದು ಹೂವಿನ ಕಾಲದಲ್ಲಿ ಅಲ್ಲ. ಚೌತಿ ಹೊತ್ತಿಗೆ ಅಂಗಳದ ತುಂಬ ಹೂವು ಇರುತ್ತದೆ, ಯಾವುದು ಕೇಸರಿ ಯಾವುದು ನೇರಳೆ ಅಂತ ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಬೇಕಾಗುವುದು ಗಿಡ ಒಣಗಿದ ಮೇಲೆ. ಮಣ್ಣು ಕೊಡವಿ ಗಡ್ಡೆ ತೆಗೆದರೆ ಎಲ್ಲವೂ ಒಂದೇ ಥರ. ಅದೇ ಕಂದು ಬಣ್ಣ, ಅದೇ ಗೊಂಚಲು. ಅಲ್ಲಿಂದ ಮುಂದಿನ ಮಳೆಗಾಲದವರೆಗೆ ಆ ಗಡ್ಡೆ ಯಾವುದು ಅಂತ ಹೇಳುವುದಕ್ಕೆ ಒಂದು ತುಂಡು ಪ್ಲಾಸ್ಟಿಕ್ ಬಿಟ್ಟರೆ ಬೇರೇನೂ ಇಲ್ಲ.

ಸಾಗರ, ಸಿರ್ಸಿ ಕಡೆಯ ಮನೆಗಳಲ್ಲಿ ಡೇರೆ ಅಂದರೆ ಹೆಂಗಸರ ಆಸ್ತಿ. ನಮ್ಮ ಮನೆಯಲ್ಲೂ ಹಾಗೇ, ಅತ್ತೆ ಶುರು ಮಾಡಿದ್ದು, ಈಗ ಇಬ್ಬರೂ ಮಾಡುತ್ತೇವೆ. ಅಡಿಕೆ ಸುಲಿಯುವ ಗಲಾಟೆ ಎಲ್ಲ ಮುಗಿದು, ಹಲಸಿನ ಹಪ್ಪಳ ಶುರುವಾಗುವ ಹೊತ್ತಿಗೆ, ಲೇಬಲ್ ತೊಳೆಯುವ ದಿನ ಅಂತ ಒಂದು ಬರುತ್ತದೆ. ಈ ಸಲ ಏಪ್ರಿಲ್‌ನಲ್ಲಿ ಮಾಡಿದೆವು. ಒಂದು ಮಳೆ ಬಿದ್ದರೆ ಸಾಕು, ಗಡ್ಡೆ ಹಿಳ್ಳು, ಅಂದರೆ ಚಿಗುರು, ಒಡೆಯುವುದಕ್ಕೆ ಶುರುಮಾಡುತ್ತದೆ, ಆಮೇಲೆ ಪುರುಸೊತ್ತು ಇರುವುದಿಲ್ಲ.

ನಮ್ಮ ಲೇಬಲ್‌ಗಳು ಅಂಗಡಿಯಿಂದ ತಂದವಲ್ಲ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ, ಮೊಸರಿನ ಡಬ್ಬಿ, ಒಡೆದ ಬಿಳಿ ಪೇಂಟ್ ಬಕೆಟ್, ಹೀಗೆ ಸಿಕ್ಕಿದ್ದನ್ನು ಕತ್ತರಿಸಿ ಮಾಡಿದ್ದು. ಇದರಲ್ಲಿ ಪೇಂಟ್ ಬಕೆಟ್ಟೇ ಎಲ್ಲಕ್ಕಿಂತ ಗಟ್ಟಿ. ಕತ್ತರಿಗೆ ಬಗ್ಗುವುದಿಲ್ಲ, ಆಕ್ಸಾ ಬ್ಲೇಡ್ ಬೇಕು, ಆದರೆ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ತೆಳು ಡಬ್ಬಿಯದು ಬಿಸಿಲು ತಿಂದು ತಿಂದು ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಮರದ ಕಡ್ಡಿ ಚೆಂದ ಕಾಣುತ್ತದೆ ಅಂತ ಕೆಲವರು ಹಾಕುತ್ತಾರೆ, ಆದರೆ ನಮ್ಮ ಕಡೆಯ ಮಳೆಗೆ ಅದು ಕೊಳೆಯುತ್ತದೆ, ಉಳಿದರೆ ಒರಲೆಗೆ ಹೋಗುತ್ತದೆ. ಮುರಿದ ಪ್ಲಾಸ್ಟಿಕ್ ಚೂರು ಮಣ್ಣಿಗೆ ಸೇರಿಕೊಳ್ಳುವುದು ನೋಡಿದರೆ ನನಗೆ ತುಂಬ ಬೇಜಾರಾಗುತ್ತದೆ. ಅದಕ್ಕೇ ಗಟ್ಟಿಯದನ್ನೇ ಮಾಡಿ, ಅದನ್ನೇ ತೊಳೆದು ತೊಳೆದು ಬಳಸಬೇಕು ಅನ್ನುವುದು.

ತೊಳೆಯುವುದಕ್ಕೆ ಮೊದಲು ಓದಬೇಕು. ಇದು ನಮ್ಮ ಮನೆಯ ನಿಯಮ. ಯಾವ ಲೇಬಲ್ಲೂ ಓದದೆ, ಪುಸ್ತಕದಲ್ಲಿ ಬರೆದುಕೊಳ್ಳದೆ ನೀರಿಗೆ ಹೋಗುವ ಹಾಗಿಲ್ಲ. ನಾನು ಜಗುಲಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ, ಅತ್ತೆ ಒಂದೊಂದೇ ಎತ್ತಿ ಓದಿದರು. ಮೇಲಿನಮನೆ ಕೇಸರಿ. ಚಿಕ್ಕಮ್ಮನ ಮನೆ ನೇರಳೆ. ಟೀಚರ್ ಕೊಟ್ಟ ಬಟನ್ ಡೇರೆ, ಹಳದಿ. ನಮ್ಮಲ್ಲಿ ಯಾವ ಡೇರೆಗೂ ಕ್ಯಾಟಲಾಗಿನ ಹೆಸರಿಲ್ಲ. ಯಾರ ಮನೆಯಿಂದ ಬಂತು, ಯಾವ ಬಣ್ಣ, ಅಷ್ಟೇ ಹೆಸರು. ನಂಬರ್ ಹಾಕಿ ಪುಸ್ತಕದಲ್ಲಿ ಬರೆದಿಟ್ಟರೆ ಸುಲಭ ಅಲ್ವಾ ಅಂತ ನಮ್ಮ ಮಗಳು ಹೇಳುತ್ತಾಳೆ. ಸುಲಭ ಹೌದು, ಆದರೆ ಪುಸ್ತಕ ಕಳೆದರೆ ನಂಬರ್ ಏನು ಹೇಳುತ್ತದೆ? ಕೊಟ್ಟವರ ಹೆಸರು ಲೇಬಲ್ ಮೇಲೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾರ್ಕರ್‌ನಲ್ಲಿ ಬರೆದದ್ದು ಮುಕ್ಕಾಲುಪಾಲು ಹಾರಿಹೋಗಿತ್ತು. ಪರ್ಮನೆಂಟ್ ಅಂತ ಬರೆದುಕೊಂಡಿರುತ್ತಾರೆ, ಅದು ನೀರಿಗೆ ಪರ್ಮನೆಂಟ್, ಬಿಸಿಲಿಗಲ್ಲ. ಅದರ ಬಣ್ಣ ಬಿಸಿಲಿಗೆ ಒಡೆದು ಬಿಳಿಚಿಕೊಳ್ಳುತ್ತದೆ. ಪೆನ್ಸಿಲ್‌ನಲ್ಲಿ ಬರೆದದ್ದು ಮಾತ್ರ ಹಾಗೇ ಇತ್ತು. ಪೆನ್ಸಿಲ್ಲಿನ ಕಪ್ಪು ಗ್ರಾಫೈಟಿನದು, ಗ್ರಾಫೈಟ್ ಅಂದರೆ ಬರೀ ಇಂಗಾಲ. ಬಿಸಿಲು ಅದನ್ನು ಏನೂ ಮಾಡಲಾರದು, ಮಳೆಯೂ ಅಷ್ಟೇ. ಚಿಲ್ಲರೆ ಕಾಸಿನ ಸೀಸದಕಡ್ಡಿಗೆ ಅಷ್ಟು ತಾಕತ್ತು.

ಒಂದು ಲೇಬಲ್ ಪೂರ್ತಿ ಖಾಲಿ ಕಂಡಿತು. ಪೇಂಟ್ ಬಕೆಟ್ಟಿನದು, ಒಂದು ತುದಿ ಚೂಪಾಗಿ ಕೆತ್ತಿದ್ದು, ಮೇಲೆಲ್ಲ ಒಣಗಿದ ಪಾಚಿ. ಉಗುರಿನಲ್ಲಿ ಪಾಚಿ ಎಬ್ಬಿಸಿ ಬಿಸಿಲಿಗೆ ಓರೆ ಹಿಡಿದೆ. ಗೀರು ಇದ್ದ ಹಾಗೆ ಕಂಡಿತು. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದಿದ್ದರು, ಶಾಯಿ ಹೋಗಿದೆ, ಒತ್ತಿದ ಗುರುತು ಉಳಿದಿದೆ. ಪೆನ್ಸಿಲ್ ಅಡ್ಡ ಮಲಗಿಸಿ ಹಗುರವಾಗಿ ಉಜ್ಜಿದೆ. ಸುತ್ತಲೂ ಕಪ್ಪಾಯಿತು, ಗೀರುಗಳು ಮಾತ್ರ ಬೆಳ್ಳಗೆ ಉಳಿದವು. ಮೊದಲು ‘ಕೆಳ’ ಕಂಡಿತು, ಆಮೇಲೆ ‘ಮನೆ’, ಕೊನೆಗೆ ‘ಕೆಂಪು ಬಿಳಿ ತುದಿ’. ಅತ್ತೆಯ ಕೈಬರಹ. ‘ಕೆಳಗಿನಮನೆಯದ್ದು ಮಾರಾಯ್ತಿ, ಎಸಳಿನ ತುದಿ ಮಾತ್ರ ಬಿಳಿ ಇತ್ತಲ್ಲ, ಅದು’ ಅಂದರು ಅತ್ತೆ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಮಗಳನ್ನು ಕೂಗಿ ಕರೆದು ತೋರಿಸಿದೆ.

ಇಷ್ಟೆಲ್ಲ ಯಾಕೆ, ಬೀಜ ಹಾಕಿಕೊಂಡರೆ ಆಗುವುದಿಲ್ಲವಾ ಅಂದರೆ, ಆಗುವುದಿಲ್ಲ. ಡೇರೆ ಬೀಜದಲ್ಲಿ ತಾಯಿಯ ಬಣ್ಣ ಬರುತ್ತದೆ ಅಂತ ಹೇಳಲಿಕ್ಕೇ ಬರುವುದಿಲ್ಲ. ಎಷ್ಟೋ ಗಿಡಗಳಲ್ಲಿ ಬಣ್ಣ, ಆಕಾರದ ಗುಣ ಹೊತ್ತ ಕ್ರೋಮೋಸೋಮ್ ಎರಡೆರಡು ಜೊತೆಯಾಗಿ ಇದ್ದರೆ ತೋಟದ ಡೇರೆಯಲ್ಲಿ ಎಂಟೆಂಟು, ಒಟ್ಟು 64. ಹಾಗಾಗಿ ಪ್ರತಿ ಬೀಜವೂ ಹೊಸ ಕಲಬೆರಕೆ. ಮೆಕ್ಸಿಕೋದ ಈ ಗಿಡ 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ಗೆ ಬಂತು, ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಹೆಸರಲ್ಲಿ 1791ರಲ್ಲಿ ಡಾಲಿಯಾ ಆಯಿತು. ಅಲ್ಲಿಂದ ಇಲ್ಲಿಯತನಕ ಇಷ್ಟೊಂದು ಬಣ್ಣ ಬಂದದ್ದು ಈ ಕಲಬೆರಕೆಯಿಂದಲೇ. ಆದರೆ ಕೆಳಗಿನಮನೆಯ ಬಿಳಿ ತುದಿಯೇ ಮತ್ತೆ ಬೇಕು ಅಂದರೆ ಅದರ ಗಡ್ಡೆಯೋ, ಹಿಳ್ಳಿನ ತುಂಡೋ ಬೇಕು. ಗಡ್ಡೆಯಲ್ಲೂ ಕಾಂಡದ ಬುಡದ ಕಣ್ಣು ಇರಲೇಬೇಕು, ಇಲ್ಲದಿದ್ದರೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ.

ಓದಿ ಬರೆದದ್ದಾದ ಮೇಲೆ ಎಲ್ಲವನ್ನೂ ಅಂಟುವಾಳದ ನೀರಲ್ಲಿ ನೆನೆಹಾಕಿದೆವು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಪಾಚಿ, ಮಣ್ಣು ಸಡಿಲಾಗಿತ್ತು. ಮಾರ್ಕರ್ ಕಲೆಗೆ ಕೊರೋನಾ ಕಾಲದ ಸ್ಯಾನಿಟೈಸರ್ ಇನ್ನೂ ಉಳಿದಿದೆ, ಅದನ್ನು ಹಳೇ ಬನಿಯನ್ ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಕೆಲವು ಜಾತಿಯ ಪ್ಲಾಸ್ಟಿಕ್ಕನ್ನೇ ಅದು ಕರಗಿಸಿ ಅಂಟಂಟು ಮಾಡುತ್ತದೆ. ಪೆನ್ಸಿಲ್ ಬರಹ ಇದ್ಯಾವುದಕ್ಕೂ ಜಗ್ಗುವುದಿಲ್ಲ. ಅದಕ್ಕೆ ಬೂದಿ, ತೆಂಗಿನ ನಾರು. ತೋಳು ನೋಯುವಷ್ಟು ತಿಕ್ಕಬೇಕು, ಆದರೆ ಅದರಿಂದ ಇನ್ನೊಂದು ಲಾಭ ಇದೆ. ತಿಕ್ಕಿ ತಿಕ್ಕಿ ಪ್ಲಾಸ್ಟಿಕ್‌ನ ನುಣುಪು ಹೋಗಿ ಸ್ವಲ್ಪ ತರಿಯಾಗುತ್ತದೆ. ಹಾಗೆ ತರಿಯಾದ ಮೇಲೆ ಪೆನ್ಸಿಲ್ ಚೆನ್ನಾಗಿ ಹಿಡಿಯುತ್ತದೆ. ಹೊಸ ಲೇಬಲ್ಲಿಗಿಂತ ಹಳೇದರಲ್ಲೇ ಅಕ್ಷರ ಕಪ್ಪಾಗಿ ಬರುತ್ತದೆ.

ಕೊಳೆತ ಗಡ್ಡೆಯ ಕುಂಡದಿಂದ ಬಂದ ಲೇಬಲ್ಲುಗಳನ್ನು ಬೇರೆ ಇಟ್ಟಿದ್ದೆವು. ಅವನ್ನು ತೊಳೆದ ಮೇಲೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಒಂದಷ್ಟು ಹೊತ್ತು ಮುಳುಗಿಸಿ ತೆಗೆಯುತ್ತೇವೆ. ಮೊದಲೇ ತೊಳೆಯಬೇಕು, ಮಣ್ಣು ಮೆತ್ತಿಕೊಂಡಿದ್ದರೆ ಬ್ಲೀಚಿಂಗಿನ ಶಕ್ತಿ ಆ ಮಣ್ಣಿಗೇ ಹೋಗುತ್ತದೆ. ಒಂದು ಕುಂಡದ ಕೊಳೆ ಲೇಬಲ್ಲಿಗೆ ಅಂಟಿಕೊಂಡು ಇನ್ನೊಂದು ಕುಂಡಕ್ಕೆ ಹೋಗುವುದು ಬೇಡ ಅಂತ.

ಸಂಜೆ ಹೊತ್ತಿಗೆ ಹಪ್ಪಳದ ಚಾಪೆಯ ಪಕ್ಕ ಲೇಬಲ್ಲು ಒಣಗಿದ್ದವು. ಬರೆಯುವುದಕ್ಕೆ ಕೂತೆವು. ಈ ಸಲ ಪ್ರತಿ ಕುಂಡಕ್ಕೆ ಎರಡು. ಒಂದು ಮೇಲೆ ಚುಚ್ಚುವುದಕ್ಕೆ, ಇನ್ನೊಂದು ಗಡ್ಡೆಯ ಜೊತೆ ಮಣ್ಣೊಳಗೆ ಹೂಳುವುದಕ್ಕೆ. ಮೇಲಿನದನ್ನು ಕೋಳಿ ಕೆದರುತ್ತದೆ, ಮಕ್ಕಳು ಕೀಳುತ್ತಾರೆ, ಒಳಗಿನದಕ್ಕೆ ಯಾರ ಕಾಟವೂ ಇಲ್ಲ, ಬಿಸಿಲೂ ತಾಗುವುದಿಲ್ಲ. ಗಡ್ಡೆ ಒಣಗಿದ್ದರೆ ಅದರ ಮೈಮೇಲೇ ಮಾರ್ಕರ್‌ನಲ್ಲಿ ಬರೆಯಲೂಬಹುದು, ಕತ್ತಲೆಯಲ್ಲಿ ಇಡುವ ಗಡ್ಡೆಗೆ ಮಾರ್ಕರ್ ಸಾಕು.

ಕೊನೆಗೆ, ಗಡ್ಡೆ ಇಲ್ಲದ ಲೇಬಲ್ಲು ಕೆಲವು ಉಳಿದವು. ಮಳೆಗೆ ಕೊಳೆತವು. ಅದರಲ್ಲಿ ಕೆಳಗಿನಮನೆಯ ಬಿಳಿ ತುದಿಯೂ ಒಂದು. ಬೇರೆಯದನ್ನೆಲ್ಲ ಅಳಿಸಿ ಹೊಸ ಹೆಸರು ಬರೆಯಬಹುದು, ಆದರೆ ಅದನ್ನು ಅಳಿಸಲು ಅತ್ತೆ ಬಿಡಲಿಲ್ಲ. ‘ಅವರಿಗೆ ಫೋನ್ ಮಾಡು, ಅವರ ಹತ್ತಿರ ಇದ್ದೇ ಇರುತ್ತದೆ’ ಅಂದರು. ಮಾಡಿದೆ. ಇದೆಯಂತೆ, ಎರಡು ಗಡ್ಡೆ ತೆಗೆದಿಡುತ್ತಾರಂತೆ. ಅವರದ್ದೇ ಗುಲಾಬಿ ಬಣ್ಣದ ಬಟನ್ ಡೇರೆ ಹೋದವರ್ಷ ಹೋಯಿತಂತೆ, ನಮ್ಮಲ್ಲಿ ಇದ್ದರೆ ಬರುವಾಗ ತರಲಿಕ್ಕೆ ಹೇಳಿದರು. ಪುಸ್ತಕ ನೋಡಿದೆ, ಇದೆ.